ರಿಂಗಿನ ತುದಿಗಳ ನಡುವಿನ ಸಂದು
ಮನೆಯ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಕೂರಿಸಲು ಹೊರಟವರೆಲ್ಲ ಮೊದಲು ಮಾತನಾಡುವುದು ಅಶ್ವಶಕ್ತಿಯ ಬಗ್ಗೆ. ನನ್ನ ಎರಡು ಸಂಜೆಗಳನ್ನು ನುಂಗಿದ್ದು ಮಾತ್ರ ಪಿಸ್ಟನ್ ರಿಂಗುಗಳ, ಅಂದರೆ ಪಿಸ್ಟನ್ನಿನ ಸುತ್ತ ಅನಿಲ ಸೋರದಂತೆ ಕೂರುವ ಸೀಳು ಬಳೆಗಳ, ತುದಿಗಳ ನಡುವಿನ ಸಂದು. ಟರ್ಬೊ ಇಲ್ಲದಿದ್ದರೆ ಬೋರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಯ) ವ್ಯಾಸದ ಸುಮಾರು 0.004 ಪಾಲು ಸಾಕು, ಇದ್ದರೆ 0.005ರಷ್ಟು, ಅಂದರೆ 86 ಮಿ.ಮೀ. ಬೋರಿಗೆ 0.43 ಮಿ.ಮೀ. ಬಿಡುವುದು ರೂಢಿ. ಸಂದು ಕಿರಿದಾದರೆ, ಕಾದು ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿ, ಸಿಲಿಂಡರಿನ ಗೋಡೆ ಗೀರುಬಿದ್ದು, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತದೆ. ಹಾಗಾಗಿ ರಿಂಗನ್ನು ತಲೆಕೆಳಗಾಗಿ ಹಿಡಿದ ಪಿಸ್ಟನ್ನಿನಿಂದ ಬೋರಿನೊಳಗೆ ಓರೆಯಾಗದಂತೆ ತಳ್ಳಿ, ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳಿಂದ) ಸಂದನ್ನು ಅಳೆದು, ಹೊರಗೆ ತೆಗೆದು, ತುದಿಯನ್ನು ಹೊರಮೈಯಿಂದ ಒಳಮುಖವಾಗಿ ಎರಡೇ ಎರಡು ಸಲ ಅರದಿಂದ ಉಜ್ಜಿ, ಮತ್ತೆ ಅಳೆಯುತ್ತಿದ್ದೆ. (ಉಜ್ಜಿ ತೆಗೆದ ಲೋಹವನ್ನು ಮರಳಿ ಅಂಟಿಸಲಾಗದು ಎಂಬುದು ಮೂರನೆಯ ರಿಂಗನ್ನು ಕೆಡಿಸಿದ ಮೇಲೆ ಮನಸ್ಸಿಗೆ ನಾಟಿತು.) ಪಿಸ್ಟನ್ನಿನ ಮೇಲಿನಿಂದ ಎರಡನೆಯ ರಿಂಗಿನ ಸಂದನ್ನು ತುಸು ಅಗಲವಾಗಿಯೇ ಬಿಟ್ಟೆ, ಎರಡು ರಿಂಗುಗಳ ನಡುವೆ ಸಿಕ್ಕಿಕೊಂಡ ಅನಿಲವು ಮೇಲಿನ ರಿಂಗನ್ನು ಎತ್ತದೆ ಕೆಳಗೆ ನುಸುಳಿಹೋಗಲೆಂದು.