ಬರೀ ಕಂಪ್ಯೂಟರಲ್ಲಿ ಮಾಡಿದ್ದಾ?

ಗೆಲಾಕ್ಸಿಗಳು ಹೇಗೆ ರೂಪುಗೊಳ್ಳುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಇದನ್ನೆಲ್ಲ ಕಣ್ಣಾರೆ ಕಂಡಿದ್ದೀಯಾ, ಇಲ್ಲ ಬರೀ ಕಂಪ್ಯೂಟರಲ್ಲಿ ಮಾಡಿದ್ದಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆ 'ಬರೀ' ಇದೆಯಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ. ಹೋದ ವರ್ಷ ಗೌರಿಬಿದನೂರಿನಲ್ಲಿ ಸೋದರಮಾವನ ಮನೆ ಗೃಹಪ್ರವೇಶ. ಎಲೆ ಮುಂದೆ ಕೂತಿದ್ದೆವು, ಒಬ್ಬಟ್ಟಿಗೆ ತುಪ್ಪ ಬೀಳುತ್ತಿತ್ತು. ಮಾವ ಪಂಕ್ತಿಗೆಲ್ಲ ಕೇಳುವ ಹಾಗೆ, "ನಮ್ಮ ಹುಡುಗಿ ಆಕಾಶದ ವಿಡಿಯೋ ಗೇಮ್ ಮಾಡ್ತಾಳೆ. ನಿಜವಾಗಿ ನೋಡೋರು ಅಂದ್ರೆ ನಮ್ಮೂರ ಆಂಟೆನಾದವರು" ಅಂದರು. ಎಲ್ಲರೂ ನಕ್ಕರು. ನಾನು ಒಬ್ಬಟ್ಟು ಬಿಟ್ಟು ವಾದಕ್ಕಿಳಿದೆ.

ಆ ಆಂಟೆನಾ ಹತ್ತಿರ ಹೋಗಿದ್ದೀರಾ ಮಾವ? ಕಣ್ಣಿಟ್ಟು ನೋಡುವ ದುರ್ಬೀನು ಅಲ್ಲಿಲ್ಲ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಸೇರಿ ಕಟ್ಟಿದ್ದು ಬಯಲಲ್ಲಿ 'ಟಿ' ಆಕಾರದ ಕಂಬ-ತಂತಿಗಳ ಸಾಲು. 1000 ಡೈಪೋಲ್ (ರೇಡಿಯೋ ಅಲೆ ಹಿಡಿಯುವ ತಂತಿಜೋಡಿ), ಪೂರ್ವ-ಪಶ್ಚಿಮ ಸುಮಾರು 1.4 ಕಿ.ಮೀ. 34.5 ಮೆಗಾಹರ್ಟ್ಸ್‌ನ ರೇಡಿಯೋ ಅಲೆ ತಾಗಿದರೆ ತಂತಿಯಲ್ಲಿ ಚೂರೇ ಚೂರು ವೋಲ್ಟೇಜ್ ಏಳುತ್ತದೆ. ಒಂದು ತೋಳಿನ ಸಂಕೇತವನ್ನು ಇನ್ನೊಂದು ತೋಳಿನದಕ್ಕೆ ಗುಣಿಸಿ, ಕೂಡಿಸಿದ ಮೇಲೇ ಆಕಾಶದ ನಕ್ಷೆ. ಅಲ್ಲೂ ಲೆಕ್ಕವೇ.

ಲೆಕ್ಕ ಮೊದಲಾಗಿ, ನೋಟ ಆಮೇಲೆ ಸಿಕ್ಕಿದ್ದೂ ಉಂಟು. ಕಪ್ಪುಕುಳಿಗೆ ಗುರುತ್ವದ ಅಲೆ ಬಡಿದರೆ ಏನಾಗುತ್ತದೆಂದು ನಮ್ಮ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ 1970ರಲ್ಲಿ ಪ್ರಕಟಿಸಿದರು: ಗಂಟೆ ಬಾರಿಸಿದ ಹಾಗೆ ಕಂಪಿಸಿ, ಬೇಗನೆ ಅಡಗುತ್ತದೆ. ಎರಡು ಕಪ್ಪುಕುಳಿ ಒಂದಾದಾಗ ಎದ್ದು, 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಗುರುತ್ವ ಅಲೆ ಹಿಡಿಯುವ ಉಪಕರಣ ಲೈಗೋಗೆ ಸಿಕ್ಕ ಅಲೆಯ ಕೊನೆಯ ಭಾಗ ಅದಕ್ಕೆ ಹೊಂದಿತು. ನಡುವೆ 45 ವರ್ಷ.

ಹಾಗಂತ ಕಂಪ್ಯೂಟರ್ ಹೇಳಿದ್ದೆಲ್ಲ ನಿಜ ಅನ್ನುತ್ತಿಲ್ಲ. "ನಿನ್ನ ಲೆಕ್ಕವನ್ನು ನೀನೇ ಯಾವಾಗ ನಂಬಲ್ಲ?" ಎಂದು ಯಾರಾದರೂ ಕೇಳಲಿ, ಬೆಳಗಾಗುವವರೆಗೂ ಹೇಳುತ್ತೇನೆ. 1990ರ ದಶಕದಲ್ಲಿ ಬರಿಯ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಸೆಳೆತದಿಂದಷ್ಟೇ ಗೊತ್ತಾಗುವ ದ್ರವ್ಯ) ಇಟ್ಟು ಕಂಪ್ಯೂಟರಿನಲ್ಲಿ ಓಡಿಸಿದ ಸಿಮ್ಯುಲೇಶನ್‌ಗಳಲ್ಲಿ ಗೆಲಾಕ್ಸಿಯ ನಟ್ಟನಡುವೆ ದ್ರವ್ಯ ಚೂಪಾಗಿ ಗುಡ್ಡೆ ಬೀಳುತ್ತಿತ್ತು. ನಿಜವಾದ ಆಕಾಶದಲ್ಲಿ ಅನಿಲ ಸುತ್ತುವ ವೇಗ ಅಳೆದು ನೋಡಿದರೆ ಎಷ್ಟೋ ಕುಬ್ಜ ಗೆಲಾಕ್ಸಿಗಳಲ್ಲಿ ಗುಡ್ಡೆಯೇ ಇಲ್ಲ, ಮಟ್ಟಸ. ಲೆಕ್ಕದಲ್ಲಿ ಏನೋ ಬಿಟ್ಟುಹೋಗಿತ್ತು. ಸಿಡಿಯುವ ನಕ್ಷತ್ರಗಳು ಅನಿಲವನ್ನು ಮತ್ತೆ ಮತ್ತೆ ಹೊರಗೆ ದಬ್ಬಿದರೆ ನಡುವಿನ ಸೆಳೆತ ಏರುಪೇರಾಗಿ ಗುಡ್ಡೆ ಕರಗಬಹುದು ಎಂದು ಹೊಸ ಲೆಕ್ಕಗಳು ತೋರಿಸಿದವು. ಇಲ್ಲ, ಡಾರ್ಕ್ ಮ್ಯಾಟರಿನ ಗುಣವೇ ಬೇರೆ ಅನ್ನುವವರೂ ಇದ್ದಾರೆ. ಜಗಳ ಹರಿದಿಲ್ಲ.

ಆಕಾಶದ ಜೊತೆ ತಾಳೆ ನೋಡುವ ಮುಂಚೆ ನಾನು ಅದೇ ಲೆಕ್ಕವನ್ನು, ದ್ರವ್ಯವನ್ನು ಹಂಚಿದ ಕಣಗಳ ಸಂಖ್ಯೆ ಎಂಟು ಪಟ್ಟು ಮಾಡಿ, ಮತ್ತೆ ಓಡಿಸುತ್ತೇನೆ. ಉತ್ತರ ಬದಲಾಯಿತೋ, ಅದು ಗೆಲಾಕ್ಸಿಯದಲ್ಲ, ನನ್ನ ಕಂಪ್ಯೂಟರಿನದು. ಗೃಹಪ್ರವೇಶದ ಹಿಂದಿನ ವಾರವಷ್ಟೇ ಹಾಗೆ ನಾಲ್ಕು ತಿಂಗಳ ಕೆಲಸ ಬಿಸಾಕಿದ್ದೆ. ಕೈ ತೊಳೆಯುವಾಗ ಮಾವನಿಗೆ ಇದನ್ನು ಹೇಳಿದೆ.

"ಅಯ್ಯೋ, ಮೊದಲೇ ಹೇಳೋದಲ್ವೇನಮ್ಮಾ?" ಅಂದರು.

"ನೀವು ಕೇಳಲೇ ಇಲ್ಲವಲ್ಲ ಮಾವ."