ಗುಮ್ಮಟದ ನೇರ ಕೆಳಗೆ

ಜೂನ್ 29, ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ಆವತ್ತು ಚರ್ಚಿನಲ್ಲಿ ಬಲಿಪೂಜೆಗೆ ಕೂತರೆ ನನ್ನ ಮನಸ್ಸು ರೋಮಿನ ಸಂತ ಪೇತ್ರರ ಮಹಾದೇವಾಲಯದ ನೆಲದಡಿಗೆ ಇಳಿದುಬಿಡುತ್ತದೆ.

ಮೇಲೆ ಎಲ್ಲವೂ ದೊಡ್ಡದು. 136 ಮೀಟರ್ ಎತ್ತರದ ಗುಮ್ಮಟ, ಶಿಲ್ಪಿ ಬರ್ನಿನಿಯ ಕಂಚಿನ ಮಂಟಪ, ಅದರಡಿ ಪೋಪ್ ಬಲಿಪೂಜೆ ಅರ್ಪಿಸುವ ಪೀಠ. ಅದರ ನೇರ ಕೆಳಗೆ ಯೇಸುವಿನ ಶಿಷ್ಯ, ಗಲಿಲಾಯದ ಬೆಸ್ತ ಪೇತ್ರರನ್ನು ಮಣ್ಣು ಮಾಡಿದ ಜಾಗ. ರೋಮಿನ ಚಕ್ರವರ್ತಿ ನೀರೋ ಕಾಲದಲ್ಲಿ ಅವರನ್ನು ತಲೆಕೆಳಗಾಗಿ ಶಿಲುಬೆಗೆ ಏರಿಸಿದರೆಂಬುದು ಹಿಂದಿನಿಂದ ಬಂದ ನಂಬಿಕೆ.

ನಾಲ್ಕನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಇಲ್ಲಿ ದೇವಾಲಯ ಕಟ್ಟಿಸಲು ಹೊರಟಾಗ ಇದು ಗುಡ್ಡದ ಇಳಿಜಾರು, ಅದೂ ಸ್ಮಶಾನ. ಬೇರೆ ಜಾಗ ನೋಡಬಹುದಿತ್ತು, ಅಲ್ವಾ? ನೋಡಲಿಲ್ಲ. ಒಂದು ಕಡೆ ಗುಡ್ಡ ಕಡಿಸಿದ. ಇನ್ನೊಂದು ಕಡೆ ಉಳ್ಳವರ ಸಮಾಧಿಮನೆಗಳ ಚಾವಣಿ ತೆಗೆಸಿ ಮಣ್ಣು ತುಂಬಿಸಿದ. ಪೇತ್ರರ ಗದ್ದುಗೆಯನ್ನು ಮಾತ್ರ ಕದಲಿಸಲಿಲ್ಲ. 1506ರಲ್ಲಿ ಈಗಿನ ದೇವಾಲಯ ಶುರುವಾದಾಗಲೂ ಜಾಗ ಬದಲಾಗಲಿಲ್ಲ.

ಆ ಮಣ್ಣನ್ನು ಮತ್ತೆ ತೆಗೆದದ್ದು 1939ರ ನಂತರ, ಹನ್ನೆರಡನೇ ಪಿಯೂಸ್ ಪೋಪ್ ಆಗಿದ್ದಾಗ. ಈಗ ಮೊದಲೇ ಬರೆದು ಅನುಮತಿ ಪಡೆದರೆ ಚಿಕ್ಕ ಗುಂಪುಗಳಲ್ಲಿ ಒಳಗೆ ಬಿಡುತ್ತಾರೆ. ಇಕ್ಕಟ್ಟು ದಾರಿ, ಸೆಕೆ, ಹಸಿ ವಾಸನೆ. ಪೊಪಿಲಿಯಸ್ ಹೆರಾಕ್ಲ ಎಂಬವನ ಸಮಾಧಿಮನೆಯ ಬಾಗಿಲ ಮೇಲೆ ಅವನ ಉಯಿಲಿನ ಮಾತು ಕೆತ್ತಿದೆ: ನನ್ನ ಗೋರಿಯನ್ನು ವ್ಯಾಟಿಕನ್‌ನಲ್ಲಿ, ರಥದ ಓಟದ ಬಯಲಿನ ಪಕ್ಕ ಕಟ್ಟಿಸಿ, 6,000 ನಾಣ್ಯ ಖರ್ಚು ಮಾಡಿ. ಪುಣ್ಯಾತ್ಮ, ವಿಳಾಸ ಬರೆದಿಟ್ಟು ಹೋಗಿದ್ದಾನೆ!

ಗದ್ದುಗೆಯ ಪಕ್ಕದ ಗೋಡೆಯೊಳಗೆ ಮೂಳೆಗಳು ಸಿಕ್ಕವು, ಚಿನ್ನದ ಎಳೆಯಿದ್ದ ನೇರಳೆ ಬಟ್ಟೆಯ ಚೂರುಗಳೂ ಸಿಕ್ಕವು. ಒಳಹೊಕ್ಕು ಸತ್ತಿದ್ದ ಇಲಿಯೊಂದರ ಎಲುಬೂ ಇತ್ತು. ಆ ಮನುಷ್ಯ ಮೂಳೆಗಳು ಪೇತ್ರರದ್ದೇ ಎಂದು 1968ರಲ್ಲಿ ಪೋಪ್ ಆರನೇ ಪೌಲ್ ಪ್ರಕಟಿಸಿದರು. ಪಂಡಿತರೆಲ್ಲ ಒಪ್ಪಿಲ್ಲ. ನನಗದು ಅಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ. ಯೇಸುವನ್ನು ಹಿಡಿದೊಯ್ದ ರಾತ್ರಿ, ಕೋಳಿ ಕೂಗುವ ಮೊದಲು ಮೂರು ಸಲ "ಅವನನ್ನು ನಾನರಿಯೆ" ಎಂದ ಪೇತ್ರರು ನಮ್ಮ ಅನುಮಾನಕ್ಕೆ ಬೇಜಾರು ಮಾಡಿಕೊಳ್ಳುತ್ತಾರಾ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗೋಡೆಯ ಮೇಲಿನ ಗೀರುಗಳು. ಕಾನ್‌ಸ್ಟಂಟೈನನ ದೇವಾಲಯ ಏಳುವ ಮೊದಲೇ ಬಂದ ಭಕ್ತರು ಮೊನೆಯಿಂದ ಕೆರೆದ ಹೆಸರುಗಳು. ಒಂದರ ಮೇಲೊಂದು, ಜಾಗವಿಲ್ಲದೆ. ಜಾಸ್ತಿ ತೀರಿಕೊಂಡವರದ್ದೇ ಇರಬೇಕು, "ಕ್ರಿಸ್ತನಲ್ಲಿ ಬಾಳು" ಎಂಬ ಹರಕೆ ಜೊತೆಗಿದೆ. ಚಕ್ರವರ್ತಿಗೆ ಜಾಗ ತೋರಿಸಿಕೊಟ್ಟವರು ಇಂಥವರೇ ತಾನೇ? ನಮ್ಮೂರಲ್ಲಿ ಹೀಗೆ ಗೋಡೆ ಕೆರೆದವರಿಗೆ ನಾನೇ ಬೈದಿದ್ದೇನೆ.

ನಾನೂ ಅಪ್ಪನ ಹೆಸರು ಹೇಳಿಕೊಂಡೆ, ಸುಮ್ನೆ ಬಾಯಲ್ಲೇ. ಹಾಗೇ ಅಮ್ಮನದ್ದೂ ಸೇರಿಸಿದೆ. ಅವಳಿನ್ನೂ ಗಟ್ಟಿಮುಟ್ಟಾಗಿದ್ದಾಳೆ, ಸತ್ತವರ ಸಾಲಿನಲ್ಲಿ ಸೇರಿಸಿದ್ದು ಗೊತ್ತಾದರೆ ಬಿಡುವುದಿಲ್ಲ.