ಕಪ್ಪು ಸ್ಲೈಡಿನ ಮೇಲೆ ಬಿಳಿ ಕಾಳು

ಧಾರವಾಡ, 16 ಜುಲೈ 2024, ಮಂಗಳವಾರ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಅವ್ವ ಚಹಾದ ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ಕೂತಿದ್ದಳು. ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದಮೇಲೆ ಬೆರಳು ಮಡಚಲು ಅರ್ಧ ತಾಸು ಬೇಕು. ಮೂರು ತಿಂಗಳ ಹಿಂದೆ ಎರಡು ತಾಸು ಬೇಕಿತ್ತು.

ನಾನು ಜೋಳದ ಹಿಟ್ಟು ನಾದುವುದನ್ನೇ ನೋಡುತ್ತಾ ಕೇಳಿದಳು: “ಗದಗಿನಾಗ ನಿಮ್ಮ ಚಿಕ್ಕವ್ವ ಇನ್ನೂ ದಿನಾ ಇಪ್ಪತ್ತು ರೊಟ್ಟಿ ಬಡಿತಾಳ. ಒಂದ ಹೊಟ್ಟ್ಯಾಗ ಹುಟ್ಟೇವಿ. ಆಕಿಗಿಲ್ಲದ್ದು ನನಗ್ಯಾಕ ಬಂತು?”

ಉತ್ತರ ಕೊಡಲು ಪುರುಸೊತ್ತು ಇರಲಿಲ್ಲ. ಅವಳ ರಕ್ತ ತೆಗೆದುಕೊಂಡು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಲ್ಯಾಬಿಗೆ ಹೋದೆ.

ದಿನಾ ಮಾಡುವ ಕೆಲಸವೇ. ಆದರೂ ಟ್ಯೂಬಿನ ಮೇಲೆ ಅವ್ವನ ಹೆಸರಿದ್ದರೆ ಕೈ ನಿಧಾನವಾಗುತ್ತದೆ. ಕಪ್ಪು ಸ್ಲೈಡಿನ ಮೇಲೆ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದಮೇಲೆ ಉಳಿಯುವ ತಿಳಿ, ಒಂದು ಹನಿ; ಲೇಟೆಕ್ಸ್ ಎಂಬ ಸಣ್ಣ ಕಣಗಳ ಬಿಳಿ ದ್ರವ ಒಂದು ಹನಿ. ಕಡ್ಡಿಯಿಂದ ಕಲಸಿ ಎರಡು ನಿಮಿಷ ಮೆಲ್ಲಗೆ ತೂಗಬೇಕು. ಮೈಯಲ್ಲಿ ಉರಿಯೂತವಿದ್ದಾಗ ಏರುವ ಸಿಆರ್‌ಪಿ ಎಂಬ ಪ್ರೋಟೀನ್ ಜಾಸ್ತಿ ಇದ್ದರೆ ಆ ಕಣಗಳು ಅದಕ್ಕೆ ಅಂಟಿ, ಹಾಲು ಒಡೆದ ಹಾಗೆ ಬಿಳಿ ಕಾಳು ಕಟ್ಟುತ್ತದೆ. ಏಪ್ರಿಲ್‌ನಲ್ಲಿ ಸೀರಂ ಎಂಟು ಪಟ್ಟು ತೆಳು ಮಾಡಿದರೂ ಕಾಳು ಕಟ್ಟಿತ್ತು. ಇವತ್ತು ಎರಡು ಪಟ್ಟಿಗೇ ನಿಂತಿತು, ಅಂದರೆ ಸಿಆರ್‌ಪಿ ಇಳಿದಿದೆ. ಇನ್ನೊಮ್ಮೆ ಮಾಡಿ ನೋಡಿದೆ. ಅಷ್ಟೇ. ಸಂಧಿವಾತಕ್ಕೆ ವಾರಕ್ಕೊಂದು ಸಲ ಕೊಡುವ ಮೆಥೊಟ್ರೆಕ್ಸೇಟ್ ಔಷಧಿ ಕೆಲಸ ಮಾಡುತ್ತಿದೆ.

ಸಿಆರ್‌ಪಿ ಹುಟ್ಟುವುದು ಲಿವರಿನಲ್ಲಿ. ಅದನ್ನು ಮಾಡು ಅಂತ ಲಿವರಿಗೆ ಹೇಳಿಕಳಿಸುವುದು ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನ್. 1986ರಲ್ಲಿ ಜಪಾನಿನ ಒಸಾಕಾದಲ್ಲಿ ತಡಮಿತ್ಸು ಕಿಶಿಮೊಟೊ, ತೋಶಿಯೊ ಹಿರಾನೊ ಮತ್ತು ಸಂಗಡಿಗರು ಇದರ ಜೀನ್ ಹಿಡಿದರು. ಕೀಲಿನ ಒಳಪೊರೆ ಉಬ್ಬಿದಾಗ ಅಲ್ಲಿಂದ ಇದು ರಕ್ತಕ್ಕೆ ಸುರಿಯುತ್ತದೆ. ಕಬ್ಬಿಣವನ್ನು ರಕ್ತಕ್ಕೆ ಸಿಗದ ಹಾಗೆ ಮೈಯೊಳಗೇ ಕೂಡಿಹಾಕಿಸುವುದೂ ಇದೇ. ಅವ್ವ ಎಷ್ಟು ಐರನ್ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ ಏರದೇ ಇದ್ದಾಗ ನಾನು ಸುಮ್ನೆ ಅವಳನ್ನೇ ಬೈಯುತ್ತಿದ್ದೆ. ಅದು ಈಗಲೂ ಚುಚ್ಚುತ್ತದೆ.

ರಾತ್ರಿ ಅಡುಗೆಮನೆಯಲ್ಲಿ ಅವಳಿಗೆ ಉತ್ತರ ಹೇಳಲು ಕೂತೆ. ಈ ಪ್ರೋಟೀನ್ ಬಂದು ಸಿಕ್ಕಿಕೊಳ್ಳಲು ಜೀವಕೋಶದ ಮೇಲೆ ಕೊಕ್ಕೆ ಇರುತ್ತದೆ, ರಿಸೆಪ್ಟರ್. ಕೆಲವರಿಗೆ ಹುಟ್ಟಿನಿಂದಲೇ ಆ ಕೊಕ್ಕೆಯ 358ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಅಲನೈನ್; ಎರಡೂ ಪ್ರೋಟೀನಿನ ಸರದಲ್ಲಿ ಪೋಣಿಸಿದ ಮಣಿಗಳ ಹಾಗೆ. ಅಷ್ಟಕ್ಕೇ ಕೊಕ್ಕೆ ಜಾಸ್ತಿ ಕಳಚಿ ರಕ್ತದಲ್ಲಿ ತೇಲುತ್ತದೆ, ಕೋಶದ ಮೇಲೆ ಉಳಿಯುವುದು ಕಡಿಮೆ. ಪ್ರೋಟೀನ್ ಇದ್ದರೂ ಅದರ ಮಾತು ಲಿವರಿಗೆ ಪೂರ್ತಿ ಮುಟ್ಟುವುದಿಲ್ಲ. 2012ರಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನರ ಲೆಕ್ಕ ಸೇರಿಸಿ ನೋಡಿದರು. ಈ ಬದಲಾವಣೆ ಇದ್ದವರಲ್ಲಿ ಸಿಆರ್‌ಪಿ ಕಡಿಮೆ, ಹೃದಯದ ಕಾಯಿಲೆಯೂ ತುಸು ಕಡಿಮೆ. ಸಂಧಿವಾತವೂ ಅಂಥವರಿಗೆ ತುಸು ಕಡಿಮೆಯೇ. ಆದರೆ ಅಸ್ತಮಾ ತುಸು ಜಾಸ್ತಿ. ಕೀಲಿಗೆ ಒಳ್ಳೆಯದಾದದ್ದು ಶ್ವಾಸಕೋಶಕ್ಕೆ ಆಗಿಬರಲಿಲ್ಲ, ಅಲ್ವಾ?

ಚಿಕ್ಕವ್ವನ ಸೆರಗಿನ ಗಂಟಿನಲ್ಲಿರುವ ಇನ್ಹೇಲರ್ ನೆನಪಾಯಿತು. ಆದರೆ ಇಬ್ಬರ ಜೀನನ್ನೂ ಯಾರೂ ಪರೀಕ್ಷೆ ಮಾಡಿಲ್ಲ. ಇಂಥ ಒಂದೇ ಬದಲಾವಣೆ ರೋಗ ತರುವುದೂ ಇಲ್ಲ, ತಡೆಯುವುದೂ ಇಲ್ಲ. ಇಂಥವು ಹತ್ತಾರು ಕೂಡುತ್ತವೆ. ಅಕ್ಕತಂಗಿಯರಾದರೂ ಅಪ್ಪ ಅವ್ವನಿಂದ ಪಡೆದ ಪಾಲು ಬೇರೆ ಬೇರೆ. ಇಷ್ಟನ್ನೂ ಹೇಳಿದೆ.

ಅವ್ವ ಬೆರಳ ಗೆಣ್ಣು ಸವರಿಕೊಳ್ಳುತ್ತಾ ಕೇಳಿಸಿಕೊಂಡಳು. ಓಣಿಯವರೆಲ್ಲ ಬದನೆಕಾಯಿ ತಿಂದೇ ಬಂತು ಅಂದಿದ್ದರು. ಎರಡು ವರ್ಷದಿಂದ ಅದನ್ನು ಮುಟ್ಟಿಲ್ಲ ಅವಳು.

“ಅಂದ್ರ ನಾ ತಿಂದಿದ್ದರಿಂದ ಬಂದಿಲ್ಲ?”

“ಇಲ್ಲವ್ವಾ.”

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದಳು: “ನಾಳೆ ಎಣ್ಣಿಗಾಯಿ ಮಾಡು.”